ಸಮುದ್ರದ ಮಹಾಜಂತುವೂ ನಮ್ಮ ದೋಣಿಯೂ

ಶಿವಮೊಗ್ಗ ಭದ್ರಾವತಿಗಳಲ್ಲಿರುವ ನಾವು ತುಂಗೆ ಭದ್ರೆಗಳ ದಡದವರು; ಸಮುದ್ರವು ನಮಗೆ ಘಟ್ಟದ ಕೆಳಗಿನ ಅಪರೂಪದ ನೋಟ. ರಜಾದಿನಗಳಲ್ಲಿ ನಮ್ಮವರು ಘಟ್ಟವಿಳಿದು, ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೋ ಕಾರವಾರದಿಂದ ಕೂರ್ಮಗಡದ ಕಡೆಗೋ ದೋಣಿಯಲ್ಲಿ ಹೋಗುವದುಂಟು. ಆ ಕಡಲಿನಲ್ಲಿ ಡಾಲ್ಫಿನ್ನುಗಳು ಕಾಣಸಿಗುವವು. ಅವುಗಳ ಹಿರಿಯ ಬಂಧುವಾದ ತಿಮಿಂಗಿಲವು ಬಹು ಅಪರೂಪವಾಗಿ ಕಾಣುವದು. ಕಾಣದೆ ಹೋದರೆ ಕೆಲವರು, “ಹಣ ತೆತ್ತೆವಲ್ಲಾ” ಎಂದು ಗುಣುಗುಟ್ಟುವರು. ಕಂಡರೆ, ಬೆನ್ನಟ್ಟೆಂದು ಅಂಬಿಗನನ್ನು ಒತ್ತಾಯಿಸುವರು. ದೋಣಿಯ ಬಾಡಿಗೆಯು ಆ ಜೀವಿಯ ಮೇಲೆ ನಮಗೆ ಹಕ್ಕನ್ನು ಕೊಡುವದೋ?

ತಿಮಿಂಗಿಲವು ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ. ಅದು ಮೇಲಕ್ಕೆ ಬರುವದು ನಮ್ಮ ವಿನೋದಕ್ಕಾಗಿ ಅಲ್ಲ, ಉಸಿರಿಗಾಗಿ. ಬೆನ್ನಟ್ಟಿದರೆ ಉಸಿರು ತುಂಬುವ ಮೊದಲೇ ಅದು ಮುಳುಗಬೇಕಾಗುವದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದನ್ನು ಬೇಟೆಯಿಂದ ಕಾಯುತ್ತದೆ; ಆದರೆ ಕಣ್ಣಿನ ಆಶೆಯನ್ನು ಕಾಯಿದೆಯು ತಡೆಯಲಾರದು, ಮನಸ್ಸಾಕ್ಷಿಯೇ ತಡೆಯಬೇಕು.

104ನೆಯ ಕೀರ್ತನೆಯನ್ನು ತೆರೆದು ನೋಡಿರಿ. ಹಡಗುಗಳೂ ಮಹಾಜಂತುವೂ ಅಲ್ಲಿ ಒಂದೇ ವಚನದಲ್ಲಿ ಅಕ್ಕಪಕ್ಕದಲ್ಲಿವೆ. ಒಂದು ಇನ್ನೊಂದಕ್ಕೆ ಒಡೆಯನೆಂದು ಹೇಳಿಲ್ಲ. ಎರಡಕ್ಕೂ ಒಡೆಯನು ಒಬ್ಬನೇ. ಆದಕಾರಣ ಯಂತ್ರವನ್ನು ನಿಲ್ಲಿಸಿ ದೂರದಿಂದ ನೋಡೋಣ. ಕಾಣದೆ ಹೋದರೂ, ಅದು ಅಲ್ಲಿ ಬದುಕಿದೆ ಎಂಬದಕ್ಕಾಗಿ ಸ್ತೋತ್ರ ಸಲ್ಲಿಸೋಣ.