ಆಡದ ಆಟಿಕೆಯ ಬೆಲೆ

ರಬಕವಿಯ ನಮ್ಮ ಹಳೆಯ ಮನೆಯ ಗೋಡೆ ಕೆಡವಿಸುವ ಮೊದಲು ಅಮ್ಮಿಯ ಗಾಜಿನ ಕಪಾಟನ್ನು ಖಾಲಿ ಮಾಡಬೇಕಾಯಿತು. ಒಮ್ಮೆಯೂ ಚಹಾ ಕಾಣದ ಪಿಂಗಾಣಿ ಕಪ್ಪುಗಳು, ಮುಚ್ಚಳ ತೆಗೆಯದ ಅತ್ತರಿನ ಶೀಶೆ, ಅವುಗಳ ಹಿಂದೆ ರಟ್ಟಿನ ಡಬ್ಬಿಯಲ್ಲಿ ಒಂದು ಕೆಂಪು ಕಾರು. ದಮ್ಮಾಮಿನಲ್ಲಿ ಕೆಲಸಕ್ಕಿದ್ದ ಮಾಮು 1989ರಲ್ಲಿ ರಜೆಗೆ ಬಂದಾಗ ನನ್ನ ತಮ್ಮನಿಗಾಗಿ ತಂದಿದ್ದ ಮ್ಯಾಚ್‌ಬಾಕ್ಸ್ ಕಾರು. ನಡುಬೆರಳಿನಷ್ಟುದ್ದ, ಬಾಗಿಲು ತೆರೆಯುತ್ತದೆ. ತಮ್ಮನಿಗೆ ಆಗ ಐದು ವರ್ಷ. ಅಮ್ಮಿ ಅಂದೇ ಸಂಜೆ ಅದನ್ನು ಕಪಾಟಿಗೆ ಸೇರಿಸಿ ಕೀಲಿ ಹಾಕಿದಳು. “ಇದು ಆಡೋದಲ್ಲ, ನೋಡೋದು” ಎಂದಳು.

ಹಳೆಯ ಆಟಿಕೆ ಕಾರುಗಳನ್ನು ಕೂಡಿಹಾಕುವ ಹವ್ಯಾಸವಿರುವ ಬೆಂಗಳೂರಿನ ಪರಿಚಿತರೊಬ್ಬರಿಗೆ ಅದರ ಫೋಟೋ ಕಳಿಸಿದೆ. ಅವರ ಮೊದಲ ಪ್ರಶ್ನೆ, ಡಬ್ಬಿ ಇದೆಯೇ? ಎರಡನೆಯದು, ಮಕ್ಕಳು ಆಡಿದ್ದಾರೆಯೇ? ಡಬ್ಬಿ ಇದೆ, ಯಾರೂ ಆಡಿಲ್ಲ ಎಂದೆ. ಹಾಗಾದರೆ ಎರಡು ಸಾವಿರ ಕೊಡುತ್ತೇನೆ ಎಂದರು. ಡಬ್ಬಿ ಇಲ್ಲದೆ, ಬಣ್ಣ ಉದುರಿದ್ದರೆ ಇನ್ನೂರು. ಅಂದಿನಿಂದ ಒಂದು ಲೆಕ್ಕ ನನ್ನನ್ನು ಕಾಡುತ್ತಿದೆ. ಆ ಹೆಚ್ಚಿನ ಸಾವಿರದ ಎಂಟುನೂರು ಯಾವುದರ ಬೆಲೆ? ಕಾರು ಅದೇ, ಲೋಹ ಅದೇ. ಒಂದು ಮಗುವಿನ ಕೈ ಅದನ್ನು ಮುಟ್ಟಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ತಮಾಷೆಯೆಂದರೆ ಈ ಕಾರುಗಳು ಹುಟ್ಟಿದ್ದೇ ಮಕ್ಕಳ ಕಿಸೆಗಾಗಿ. ಲಂಡನ್ನಿನ ಲೆಸ್ನಿ ಕಂಪನಿಯ ಜಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ತರಬೇಕೆಂಬ ನಿಯಮವಿತ್ತಂತೆ. ಮಗಳಿಗಾಗಿ ಅವರು ಹಿತ್ತಾಳೆಯಲ್ಲಿ ಪುಟ್ಟದೊಂದು ರೋಡ್ ರೋಲರ್ ಮಾಡಿಕೊಟ್ಟರು. ಅದೇ 1953ರಲ್ಲಿ ಮ್ಯಾಚ್‌ಬಾಕ್ಸ್ ಎಂಬ ಹೆಸರಿನಲ್ಲಿ ಪೇಟೆಗೆ ಬಂತು. ಡಬ್ಬಿ ಇದ್ದದ್ದು ಒಯ್ಯಲಿಕ್ಕೆ, ಮುಚ್ಚಿಡಲಿಕ್ಕಲ್ಲ.

ಸಂಗ್ರಾಹಕರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಅಂಬಾಸಿಡರ್ ಕಾರಿನ ಉತ್ತರಪಾರಾ ಕಾರ್ಖಾನೆ 2014ರಲ್ಲಿ ನಿಂತಿತು. ಮುಂಬೈಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿ 2023ರಲ್ಲಿ ಮರೆಯಾಯಿತು. ಅವುಗಳ ಅಂಗೈಯಗಲದ ರೂಪಗಳು ಯಾರದೋ ಕಪಾಟಿನಲ್ಲಿ ಉಳಿದಿವೆ. ನಮ್ಮೂರಿನ ಮದುಮಕ್ಕಳನ್ನು ಹೊತ್ತ ಬಿಳಿ ಅಂಬಾಸಿಡರ್ ನೆನಪಾಗಲು ಅಷ್ಟು ಸಾಕು. ಏಳನೇ ವಯಸ್ಸಿಗೆ ಸಿಗದ್ದನ್ನು ನಲವತ್ತಕ್ಕೆ ಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೂ ಏನಿಲ್ಲ.

ಆದರೆ ಒಂದು ಮಾತನ್ನು ಅವರು ಒಪ್ಪಬೇಕು. ಹಳೆಯ ಕಾರು ಅಪರೂಪವಾದದ್ದು ಹೇಗೆ? ಅದೇ ಬಗೆಯ ಸಾವಿರಾರು ಕಾರುಗಳನ್ನು ಸಾವಿರಾರು ಮಕ್ಕಳು ಮಣ್ಣಿನಲ್ಲಿ ಓಡಿಸಿ, ಗಟಾರಕ್ಕೆ ಬೀಳಿಸಿ, ಗಾಲಿ ಕಿತ್ತು ಮುಗಿಸಿದ್ದರಿಂದ. ಎಲ್ಲ ತಾಯಂದಿರೂ ಅಮ್ಮಿಯಂತೆ ಕೀಲಿ ಹಾಕಿದ್ದರೆ ಈ ಕಾರಿಗೆ ಇವತ್ತು ಬೆಲೆಯೇ ಇರುತ್ತಿರಲಿಲ್ಲ. ಆಡಿದವರು ಹುಟ್ಟಿಸಿದ ಬೆಲೆಯನ್ನು ಆಡದವರು ಎಣಿಸಿಕೊಳ್ಳುತ್ತಾರೆ.

ಮುಚ್ಚಿಟ್ಟರೆ ಉಳಿಯುತ್ತದೆ ಎಂಬುದೂ ಪೂರ್ತಿ ನಿಜವಲ್ಲ. 1934ರಿಂದ ಇಂಗ್ಲೆಂಡಿನ ಮೆಕ್ಯಾನೋ ಕಂಪನಿ ಡಿಂಕಿ ಎಂಬ ಹೆಸರಿನಲ್ಲಿ ಇಂಥ ಆಟಿಕೆ ಮಾರಿತು. ಮಹಾಯುದ್ಧಕ್ಕೆ ಮೊದಲಿನ ಡಿಂಕಿ ಕಾರುಗಳ ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸೇರಿಹೋಗಿತ್ತು. ಅವುಗಳಲ್ಲಿ ಎಷ್ಟೋ ಕಾರುಗಳು ಯಾರೂ ಮುಟ್ಟದಿದ್ದರೂ ಒಳಗೊಳಗೇ ಬಿರುಕುಬಿಟ್ಟು ಡಬ್ಬಿಯಲ್ಲೇ ಪುಡಿಯಾದವು.

ನಮ್ಮ ಕಾರುಗಳೇ ಬೇರೆ. ತುಳಿದು ಸವೆದ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿದರೆ ನಾಲ್ಕು ಗಾಲಿ, ಸೈಕಲ್ಲಿನ ಮುರಿದ ಕಡ್ಡಿಯೇ ಅಚ್ಚು, ಮೈಗೆ ಡಾಲ್ಡಾ ಡಬ್ಬಿ. ಎಳೆಯಲು ಮಗ್ಗದ ಕೋಣೆಯಲ್ಲಿ ಬಿದ್ದ ನೂಲು. ರಬಕವಿಯಿಂದ ಬನಹಟ್ಟಿಯವರೆಗೆ ನಾವು ಎಳೆದ ಆ ಕಾರುಗಳಲ್ಲಿ ಒಂದೂ ಉಳಿದಿಲ್ಲ. ಕಾರಹುಣ್ಣಿಮೆಯ ಮುಂದಿನ ಅಮಾವಾಸ್ಯೆಗೆ ಕುಂಬಾರರು ಕೊಡುತ್ತಿದ್ದ ಮಣ್ಣೆತ್ತುಗಳೂ ಹಾಗೆಯೇ. ನಮ್ಮ ಓಣಿಯಲ್ಲಿ ಪೂಜೆ ಮಾಡುವವರು ಪೂಜೆ ಮಾಡಿದ ಮೇಲೆ ಅವು ಎಲ್ಲರ ಮನೆಯ ಮಕ್ಕಳ ಕೈಗೆ ಬರುತ್ತಿದ್ದವು. ಒಂದು ಒಳ್ಳೆಯ ಮಳೆಗೆ ಕರಗಿಹೋಗುತ್ತಿದ್ದವು. ಕೋಡು ಮುರಿದರೆ ಅತ್ತದ್ದುಂಟು, ಕರಗಿತೆಂದು ಅತ್ತದ್ದಿಲ್ಲ.

ಅಮ್ಮಿ ಜಿಪುಣಿಯಾಗಿರಲಿಲ್ಲ. ಎರಡು ಮಗ್ಗದ, ಸಾವುಕಾರರ ಹತ್ತಿರ ಸದಾ ಬಾಕಿಯಿದ್ದ ಮನೆ ನಮ್ಮದು. ಅಕ್ಕಂದಿರನ್ನು ನೋಡಲು ಬಂದವರು ಮೊದಲು ಕಣ್ಣು ಹಾಯಿಸುತ್ತಿದ್ದುದು ಆ ಕಪಾಟಿನ ಕಡೆಗೆ. ನಮ್ಮ ಮರ್ಯಾದೆಯನ್ನು ಅವಳು ಕಾಯ್ದದ್ದು ಆ ಗಾಜಿನ ಹಿಂದೆ. ಇದು ನನಗೆ ಈಗ ತಿಳಿಯುತ್ತದೆ. ಆದರೆ ತಮ್ಮ ದಿನಾ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದ. ಅವನ ಉಸಿರಿನ ಮಂಜು ಗಾಜಿನ ಮೇಲೆ ಕೂತು ಆರುತ್ತಿತ್ತು. ಕೀಲಿ ಜೋಳದ ಹಿಟ್ಟಿನ ಡಬ್ಬಿಯ ಕೆಳಗಿರುವುದು ನನಗೆ ಗೊತ್ತಿತ್ತು. ನನಗೆ ಒಂಬತ್ತು ವರ್ಷ. ಅಮ್ಮಿಗೆ ಹೆದರಿ ಸುಮ್ಮನಿದ್ದೆ ಎಂದುಕೊಂಡಿದ್ದೆ. ಮಾಮು ನನಗೆ ಏನೂ ತಂದಿರಲಿಲ್ಲ ಎಂಬುದೂ ಅದರಲ್ಲಿ ಸೇರಿತ್ತು.

ಬೆಂಗಳೂರಿನವರಿಗೆ ಇನ್ನೂ ಉತ್ತರ ಕೊಟ್ಟಿರಲಿಲ್ಲ. ತಮ್ಮ ಈಗ ಜಮಖಂಡಿ, ಮುಧೋಳ, ಬೀಳಗಿಯ ದಾರಿಯಲ್ಲಿ ಬಾಡಿಗೆಗೆ ಕ್ರೂಸರ್ ಓಡಿಸುತ್ತಾನೆ. ಕಳೆದ ಶುಕ್ರವಾರ ಮನೆಗೆ ಬಂದಾಗ ಡಬ್ಬಿಯನ್ನು ಅವನ ಮುಂದಿಟ್ಟು ಎರಡು ಸಾವಿರದ ಮಾತು ಹೇಳಿದೆ.

“ಕ್ರೂಸರಿನ ಒಂದು ಟೈರಿಗೂ ಸಾಲೂದಿಲ್ಲ ಭಾಯ್” ಎಂದು ನಕ್ಕ. ಕಾರನ್ನು ಹೊರತೆಗೆದು, ಉಗುರಿನಿಂದ ಬಾಗಿಲು ತೆರೆದು ಮುಚ್ಚಿದ. ತಿರುವಿಹಾಕಿ ಗಾಲಿಗೆ ಊದಿದ. “ತಿರಗತಾವ” ಎಂದ. ಅಮ್ಮಿ ತೀರಿ ಆರು ವರ್ಷವಾಗಿದೆ. ಆದರೂ ಅವನು ಒಮ್ಮೆ ಅಡುಗೆಮನೆಯ ಕಡೆ ನೋಡಿದ್ದನ್ನು ನಾನು ಕಂಡೆ.

ಕಾರು ಈಗ ಅವನ ಕ್ರೂಸರಿನಲ್ಲಿ, ಸ್ಟೇರಿಂಗಿನ ಮುಂದೆ ಅಂಟಿಸಿಕೊಂಡು ಕೂತಿದೆ. ಬಿಸಿಲಿಗೆ ಅದರ ಕೆಂಪು ಒಂದು ಮಗ್ಗುಲಲ್ಲಿ ಆಗಲೇ ಮಾಸತೊಡಗಿದೆ. ಡಬ್ಬಿಯನ್ನು ನನ್ನ ಹತ್ತಿರ ಬಿಟ್ಟುಹೋಗಿದ್ದಾನೆ.