ವೇಷವೂ ಗಣಾಚಾರವೂ

ನೆರೆಹೊರೆಯಲ್ಲಿ ಅನ್ಯಾಯವು ನಡೆಯುತ್ತಿರುವಾಗ ಸದ್ಭಕ್ತನಾದ ಗೃಹಸ್ಥನು ಏನು ಮಾಡತಕ್ಕದ್ದು? ರಾಜದಂಡವು ಬರುವವರೆಗೆ ಕಾದು ಕುಳಿತಿರಬೇಕೆ, ಅಥವಾ ತಾನೇ ದಂಡಧರನಾಗಬೇಕೆ? ಪ್ರಶ್ನೆಯು ಹಳೆಯದು. ಪರದೇಶಗಳಲ್ಲಿ ಕೆಲವರು ಇದಕ್ಕೊಂದು ವಿಚಿತ್ರವಾದ ಉತ್ತರವನ್ನು ಕಂಡುಕೊಂಡಿದ್ದಾರೆ. ಸಾಮಾನ್ಯ ನಾಗರಿಕರೇ ಚಿತ್ರಕಥೆಗಳ ವೀರರಂತೆ ಬಣ್ಣದ ಉಡುಪು ತೊಟ್ಟು, ಮುಖವಾಡ ಕಟ್ಟಿಕೊಂಡು, ರಾತ್ರಿಯಲ್ಲಿ ಬೀದಿಬೀದಿ ಸುತ್ತಿ ಕಳ್ಳರನ್ನೂ ಕಲಹಗಾರರನ್ನೂ ತಡೆಯಹೊರಡುತ್ತಾರೆ. ಇದನ್ನು ನಗೆಯ ವಿಷಯವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರಲ್ಲಿ ನಮಗೂ ವಿಚಾರಣೀಯವಾದ ಧರ್ಮಸೂಕ್ಷ್ಮವೊಂದುಂಟು.

ಮೊದಲು ಒಂದು ಸಂದೇಹವನ್ನು ನಿವಾರಿಸಿಕೊಳ್ಳೋಣ. ತಮ್ಮ ಮನೆಯ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯನ್ನಗಲಿದ ಕರುಗಳನ್ನೂ ಬಸವಣ್ಣನವರು ಅವರ ಬಳಿಗೆ ಕಳುಹಿಸಿಕೊಟ್ಟರೆಂಬ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಹಾಗಾದರೆ ಶರಣನು ಕಳ್ಳನನ್ನು ತಡೆಯಲೇಬಾರದೆ? ಹಾಗಲ್ಲ. ಅಲ್ಲಿ ನಷ್ಟವಾದುದು ಬಸವಣ್ಣನವರಿಗೆ. ಆದುದರಿಂದ ಕ್ಷಮಿಸುವ ಅಧಿಕಾರವೂ ಅವರದೇ. ತನಗಾದ ಕೇಡನ್ನು ಸಹಿಸುವುದು ಕ್ಷಮೆ. ಬಡ ನೆರೆಯವನಿಗಾದ ಕೇಡನ್ನು ನೋಡಿಯೂ ಸಹಿಸುವುದು ಹೇಡಿತನ. ಈ ಭೇದವನ್ನು ಮರೆಯಲಾಗದು.

ಆದುದರಿಂದಲೇ ನಮ್ಮ ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದಿದೆ. ಶಿವನಿಂದೆಯನ್ನೂ ಧರ್ಮಹಾನಿಯನ್ನೂ ಕಂಡು ಸುಮ್ಮನಿರದಿರುವುದು ಅದರ ಲಕ್ಷಣ. ಆದರೆ ಅದರ ಪಕ್ಕದಲ್ಲಿಯೇ ಭೃತ್ಯಾಚಾರವೂ ಇದೆ. ಎಲ್ಲರಿಗಿಂತಲೂ ತಾನು ಕಿರಿಯನು, ಸೇವಕನು ಎಂಬ ಭಾವವೇ ಭೃತ್ಯಾಚಾರ. ಗಣಾಚಾರವನ್ನು ಹಿಡಿದು ಭೃತ್ಯಾಚಾರವನ್ನು ಬಿಟ್ಟರೆ ಉಳಿಯುವುದು ಅಹಂಕಾರವೊಂದೇ.

ಅಮೆರಿಕದ ಸಿಯಾಟಲ್ ನಗರದಲ್ಲಿ 'ಫೀನಿಕ್ಸ್ ಜೋನ್ಸ್' ಎಂಬ ಹೆಸರನ್ನಿಟ್ಟುಕೊಂಡು ಮುಖವಾಡದೊಡನೆ ತಿರುಗುತ್ತಿದ್ದವನೊಬ್ಬನು 2011ರ ಅಕ್ಟೋಬರ್ ತಿಂಗಳ ಒಂದು ರಾತ್ರಿ ಜನರ ಗುಂಪೊಂದರ ಮೇಲೆ ಕಣ್ಣುರಿಸುವ ಖಾರದ ದ್ರವವನ್ನು ಸಿಂಪಡಿಸಿ ಬಂಧಿತನಾದನು. ತಾನು ಹೊಡೆದಾಟವನ್ನು ಬಿಡಿಸಿದೆನೆಂದು ಅವನ ವಾದ. ತಾವು ಕುಣಿದು ನಲಿಯುತ್ತಿದ್ದೆವೆಂದು ಆ ಜನರ ವಾದ. ಅಧಿಕಾರಿಗಳು ಮೊಕದ್ದಮೆ ಹೂಡಲಿಲ್ಲ. ಯಾರ ಮಾತು ದಿಟವೆಂಬುದು ಇಲ್ಲಿ ನಮ್ಮ ವಿಷಯವಲ್ಲ. ಮಬ್ಬಿನಲ್ಲಿ ಹಗ್ಗವು ಹಾವಾಗಿ ತೋರುವುದೆಂಬ ಶಾಸ್ತ್ರದೃಷ್ಟಾಂತವುಂಟಷ್ಟೆ? ಹಾವನ್ನೇ ಅರಸುತ್ತ ಹೊರಟವನಿಗೆ ಹಗ್ಗವು ಇನ್ನೂ ಬೇಗನೆ ಹಾವಾಗುತ್ತದೆ ಎಂಬುದನ್ನಷ್ಟೇ ಗಮನಿಸೋಣ. ನ್ಯೂಯಾರ್ಕಿನಲ್ಲಿ 1979ರಲ್ಲಿ ಕರ್ಟಿಸ್ ಸ್ಲಿವಾ ಎಂಬುವರು ಕೆಂಪು ಟೋಪಿಯ ಯುವಕರ ದಳವೊಂದನ್ನು ಕಟ್ಟಿ, ನಿರಾಯುಧರಾಗಿ ಸುರಂಗ ರೈಲುಗಳಲ್ಲಿ ಕಾವಲು ತಿರುಗಿದರು. ಕಾರ್ಯವು ಒಳ್ಳೆಯದೇ. ಆದರೆ ಆರಂಭದ ದಿನಗಳ ಕೆಲವು ಸಾಹಸಗಳು ಪ್ರಚಾರಕ್ಕಾಗಿ ಕಲ್ಪಿಸಿದವುಗಳೆಂದು 1992ರಲ್ಲಿ ಅವರೇ ಒಪ್ಪಿಕೊಂಡರು. ಸೇವೆಗೆ ಪ್ರೇಕ್ಷಕರು ಬೇಕೆನಿಸಿದೊಡನೆ ಅಸತ್ಯವು ಬಾಗಿಲಲ್ಲಿ ಬಂದು ನಿಲ್ಲುತ್ತದೆ.

ಹಾಗೆಂದು ವೇಷವನ್ನೇ ದೂಷಿಸಲಾಗದು. ವಿಭೂತಿ ರುದ್ರಾಕ್ಷಿಗಳೂ ಲಾಂಛನಗಳೇ. ಧರಿಸಿದವನಿಗೆ ಅವು ಅವನ ಧರ್ಮವನ್ನು ನೆನಪಿಸುತ್ತವೆ. ಬದನೆಕಾಯಿಗಳನ್ನು ಲಿಂಗಗಳಂತೆ ಕಟ್ಟಿಕೊಂಡು ಬಂದ ಕಳ್ಳರ ಆ ಬದನೆಕಾಯಿಗಳೇ ಬಸವಣ್ಣನವರ ಸನ್ನಿಧಿಯಲ್ಲಿ ಲಿಂಗಗಳಾದುವೆಂಬ ಪುರಾಣಕಥೆಯ ತಾತ್ಪರ್ಯವೂ ಇದೇ. ವೇಷವು ಮನುಷ್ಯನನ್ನು ಮೇಲೆತ್ತಲೂ ಬಲ್ಲದು. ಮೆಕ್ಸಿಕೋ ನಗರದಲ್ಲಿ 1985ರ ಭೂಕಂಪದಿಂದ ಸಾವಿರಾರು ಜನರು ಮಡಿದು, ಅಸಂಖ್ಯ ಬಡವರು ಮನೆಗಳನ್ನು ಕಳೆದುಕೊಂಡರು. 1987ರಲ್ಲಿ ಅಲ್ಲಿಯ ಬಾಡಿಗೆದಾರರ ನಡುವೆ 'ಸೂಪರ್‌ಬಾರಿಯೋ' ಎಂಬುವನು ಜಟ್ಟಿಯ ಕೆಂಪು ಹಳದಿ ಉಡುಪಿನಲ್ಲಿ ಕಾಣಿಸಿಕೊಂಡನು. ಅವನ ಕಾರ್ಯವು ಮುಷ್ಟಿಯುದ್ಧವಾಗಿರಲಿಲ್ಲ. ಬಡವರನ್ನು ಮನೆಯಿಂದ ಹೊರದೂಡುವಲ್ಲಿ ಅಡ್ಡ ನಿಲ್ಲುವುದು, ಮೆರವಣಿಗೆಗಳಲ್ಲಿ ಮುಂದೆ ನಡೆಯುವುದು, ಅಧಿಕಾರಿಗಳೊಡನೆ ವಾದಿಸುವುದು, ಇವೇ ಅವನ ಸಾಹಸಗಳು. ಅಲ್ಲಿ ಮುಖವಾಡವು ಒಬ್ಬನ ಮುಖವನ್ನು ಮರೆಮಾಡಿ ಇಡೀ ಕೇರಿಯ ಮುಖವನ್ನು ತೋರಿತು. ವೇಷದೊಳಗೆ 'ನಾನು' ಕರಗಿದರೆ ಅದು ಲಾಂಛನ. 'ನಾನು' ಬೆಳೆದರೆ ಅದು ಬರಿಯ ಬಣ್ಣ.

ಈ ಮಾತು ದೂರದೇಶದವರಿಗೆ ಮಾತ್ರ ಸಲ್ಲುವುದೆಂದು ತಿಳಿಯಬಾರದು. ಉಡುಪಿಲ್ಲದ ವೇಷವೂ ಉಂಟು. 2018ರ ಜುಲೈ ತಿಂಗಳಲ್ಲಿ, ಬಸವಕಲ್ಯಾಣವನ್ನು ಒಡಲಲ್ಲಿಟ್ಟುಕೊಂಡ ಬೀದರ ಜಿಲ್ಲೆಯಲ್ಲಿಯೇ, ಮುರ್ಕಿ ಗ್ರಾಮದ ಬಳಿ, ಮಕ್ಕಳಿಗೆ ಮಿಠಾಯಿ ಕೊಟ್ಟ ಪ್ರಯಾಣಿಕರನ್ನು ಮಕ್ಕಳ ಕಳ್ಳರೆಂದು ಭ್ರಮಿಸಿ ಜನಸಮೂಹವು ಥಳಿಸಿತು. ಒಬ್ಬ ತರುಣನು ಪ್ರಾಣಬಿಟ್ಟನು. ಮೊಬೈಲುಗಳಲ್ಲಿ ಹರಡಿದ ಗಾಳಿಮಾತೇ ಅವರಿಗೆ ಪ್ರಮಾಣವಾಯಿತು. ಹೊಡೆದವರಾರೂ ಮುಖವಾಡವನ್ನು ಧರಿಸಿರಲಿಲ್ಲ. ತಾವು ಮಕ್ಕಳ ರಕ್ಷಕರೆಂಬ ವೇಷವನ್ನು ಮನಸ್ಸಿಗೆ ತೊಡಿಸಿಕೊಂಡಿದ್ದರು. ಲೋಕವನ್ನು ತಿದ್ದಹೊರಟವನು ಮೊದಲು ತನ್ನನ್ನು ನೇರಮಾಡಿಕೊಳ್ಳಲೆಂದು ಅಣ್ಣನವರು ಏಕೆ ಹೇಳಿದರೆಂಬುದು ಇಂಥಲ್ಲಿ ಮನವರಿಕೆಯಾಗುತ್ತದೆ.

ಇಂದಿನ ಕಾನೂನೂ ಈ ಮೇರೆಯನ್ನು ಕಾಣಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಪ್ರಕರಣದಂತೆ, ತನ್ನ ಕಣ್ಣೆದುರಿಗೆ ಘೋರ ಅಪರಾಧವನ್ನೆಸಗಿದವನನ್ನು ಸಾಮಾನ್ಯ ಪ್ರಜೆಯೂ ಹಿಡಿಯಬಹುದು. ಆದರೆ ಆರು ಗಂಟೆಗಳೊಳಗಾಗಿ ಪೊಲೀಸರಿಗೆ ಒಪ್ಪಿಸಬೇಕು. ಹಿಡಿಯುವ ಅಧಿಕಾರವುಂಟು, ಹೊಡೆಯುವ ಅಧಿಕಾರವಿಲ್ಲ.

ಸಿದ್ಧಾಂತಶಿಖಾಮಣಿಯು ವೀರಶೈವಪದಕ್ಕೆ ಅರ್ಥವನ್ನು ಹೇಳುವಾಗ, ಶಿವಜೀವೈಕ್ಯವನ್ನು ಬೋಧಿಸುವ ವಿದ್ಯೆಯಲ್ಲಿ ರಮಿಸುವವನನ್ನು ಕುರಿತು ಹೇಳುತ್ತದೆಯೇ ಹೊರತು ತೋಳ್ಬಲವುಳ್ಳವನನ್ನಲ್ಲ. ಎಲ್ಲರಲ್ಲಿಯೂ ಶಿವನಿರುವನೆಂದು ನಂಬಿದವನಿಗೆ ಕಳ್ಳನೂ ಹೊರಗಿನವನಲ್ಲ. ಆದುದರಿಂದ ರಾತ್ರಿಯಲ್ಲಿ ಕೂಗು ಕೇಳಿಸಿದರೆ ಕದವಿಕ್ಕಿಕೊಳ್ಳದೆ ಹೊರಗೆ ಬನ್ನಿ, ನೆರೆಯವರನ್ನು ಕರೆಯಿರಿ, ಹೊಡೆಸಿಕೊಳ್ಳುತ್ತಿರುವವನಿಗೆ ಅಡ್ಡ ನಿಲ್ಲಿರಿ. ಕಳ್ಳನು ಸಿಕ್ಕಿದನೆಂದರೆ ಅವನ ಮೈಮೇಲೆ ಒಂದು ಏಟೂ ಬೀಳದಂತೆ ಕಾಯಿರಿ. ಅವನನ್ನು ಹಿಡಿಯುವುದಕ್ಕೆ ಹತ್ತು ಕೈಗಳು ಬರುತ್ತವೆ. ಕಾಯುವುದಕ್ಕೆ ಒಬ್ಬ ವೀರನು ಬೇಕು.