ಪದಬಂಧ, ನಾಯಿ ಮತ್ತು ನಮ್ಮ ಹೊಣೆ

ಹಾಸನದಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಕೊರವಂಗಲಕ್ಕೆ ಹೊರಗಿನವರು ಹೋಗುವುದು ಹೆಚ್ಚಾಗಿ ಬೂಚೇಶ್ವರ ದೇವಾಲಯವನ್ನು ನೋಡಲು. ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ 1173ರಲ್ಲಿ ಬೂಚಿ ಎಂಬ ಅಧಿಕಾರಿ ಕಟ್ಟಿಸಿದ ಗುಡಿ ಅದು. ಆದರೆ ಇಂತಹ ಊರುಗಳ ಬೆಳಗು ಶಿಲ್ಪಗಳಿಂದ ಶುರುವಾಗುವುದಿಲ್ಲ. ಚಹಾದಂಗಡಿಗೆ ಪತ್ರಿಕೆ ಬರುತ್ತದೆ. ಒಬ್ಬರು ರಾಜಕೀಯದ ಸುದ್ದಿ ಓದಿದರೆ ಇನ್ನೊಬ್ಬರು ಪುಟ ತಿರುವಿ ನೇರವಾಗಿ ಪದಬಂಧಕ್ಕೆ ಪೆನ್ನು ಹಚ್ಚುತ್ತಾರೆ. ಬೆಂಚಿನ ಕೆಳಗೆ, ಅವರ ಹಿಂದೆಯೇ ಬಂದ ನಾಯಿಯೊಂದು ಮಲಗಿರುತ್ತದೆ.

ಈ ದೃಶ್ಯ ಕಂಡು ನಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕುವುದುಂಟು. ಪದಬಂಧ ಕಾಲಹರಣ, ನಾಯಿಯ ಸಹವಾಸ ಮುಸ್ಲಿಮನಿಗೆ ಸಲ್ಲದು ಎಂಬುದು ಅವರ ಆಕ್ಷೇಪ. ಹಾಗಾದರೆ ಬದುಕಿನ ಸಣ್ಣಪುಟ್ಟ ಸಂತೋಷಗಳನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಬಹಳ ಮಂದಿ ನಷ್ಟ ಹೊಂದುತ್ತಾರೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಬಿಡುವಿಗೂ ಲೆಕ್ಕವಿದೆ.

ಮೊದಲು ಪದಬಂಧವನ್ನೇ ನೋಡೋಣ. ಇಂದಿನ ರೂಪದ ಪದಬಂಧ ಆರ್ಥರ್ ವಿನ್ ಎಂಬವರು 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಗೆ ಮಾಡಿಕೊಟ್ಟ ಆಟದಿಂದ ಬೆಳೆಯಿತು. ಕನ್ನಡಕ್ಕೆ ಬಂದಾಗ ಅದು ಕನ್ನಡದ ಗುಣವನ್ನು ಪಡೆಯಿತು. ಇಲ್ಲಿ ಚೌಕಕ್ಕೆ ಒಂದು ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಎಲ್ಲವೂ ಆ ಅಕ್ಷರದೊಂದಿಗೇ ಬರುತ್ತವೆ. 'ಕೊರವಂಗಲ'ಕ್ಕೆ ಐದು ಚೌಕ ಬೇಕು, 'ರಾಷ್ಟ್ರ'ಕ್ಕೆ ಎರಡೇ ಸಾಕು. ಎಡದಿಂದ ಬಲಕ್ಕೆ 'ವಂ' ಕುಳಿತಲ್ಲಿ ಮೇಲಿನಿಂದ ಕೆಳಕ್ಕೂ 'ವಂ' ಬರಬೇಕು, 'ವ' ಬಂದರೆ ಸಲ್ಲದು. ನಮ್ಮ ಪದ ನಮಗೆಷ್ಟೇ ಇಷ್ಟವಾದರೂ ಪಕ್ಕದ ಪದಕ್ಕೆ ಹೊಂದದಿದ್ದರೆ ಅಳಿಸಲೇಬೇಕು. ತನ್ನ ತಪ್ಪನ್ನು ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವ ಅಭ್ಯಾಸ ದಿನಕ್ಕೆ ಹತ್ತು ನಿಮಿಷ ಸಿಕ್ಕರೆ ಅದನ್ನು ಪೂರ್ತಿ ವ್ಯರ್ಥವೆನ್ನಲಾಗದು.

ಒಗಟು ನಮ್ಮ ಪರಂಪರೆಗೆ ಹೊರಗಿನದೂ ಅಲ್ಲ. ಎಲೆ ಉದುರದ, ಸತ್ಯವಿಶ್ವಾಸಿಯನ್ನು ಹೋಲುವ ಮರ ಯಾವುದೆಂದು ಪ್ರವಾದಿ(ಸ)ರು ಒಮ್ಮೆ ಸಂಗಾತಿಗಳನ್ನು ಕೇಳಿದರು. ಎಲ್ಲರೂ ಕಾಡಿನ ಮರಗಳನ್ನು ನೆನೆದರು. ಖರ್ಜೂರವೆಂಬುದು ಎಳೆಯ ಅಬ್ದುಲ್ಲಾ ಇಬ್ನ್ ಉಮರ್(ರ)ರಿಗೆ ಹೊಳೆದಿತ್ತು. ಆದರೆ ಹಿರಿಯರ ಮುಂದೆ ಬಾಯಿ ತೆರೆಯಲು ಸಂಕೋಚವಾಗಿ ಅವರು ಸುಮ್ಮನಿದ್ದರು. ಇದು ತಿಳಿದಾಗ ತಂದೆ ಉಮರ್(ರ), ನೀನು ಹೇಳಿದ್ದರೆ ನನಗೆ ಎಷ್ಟೋ ಸಂತೋಷವಾಗುತ್ತಿತ್ತು ಎಂದರಂತೆ. ಪ್ರಶ್ನೆಯನ್ನು ಆಟವಾಗಿಸಿ ಕಲಿಸುವುದು ಪ್ರವಾದಿ(ಸ)ರ ಸಭೆಯಲ್ಲೇ ಇತ್ತು.

ನಾಯಿಯ ವಿಷಯ ಇಷ್ಟು ಸರಳವಲ್ಲ. ಬೇಟೆ, ಬೇಸಾಯ, ಜಾನುವಾರುಗಳ ಕಾವಲು ಇವುಗಳ ಅಗತ್ಯವಿಲ್ಲದೆ ನಾಯಿ ಸಾಕಿದರೆ ಪ್ರತಿಫಲ ಕುಂದುತ್ತದೆಂಬ ಹದೀಸ್ ಇದೆ. ನಾಯಿಯ ಜೊಲ್ಲಿನ ವಿಷಯದಲ್ಲಿ ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈಗಳೂ ಹಳೆ ಮೈಸೂರು ಭಾಗದ ಹನಫಿಗಳೂ ನಿಷ್ಠುರರು. ಇಮಾಮ್ ಮಾಲಿಕ್‌ರ ನಿಲುವು ಸಡಿಲ. ಈ ಭಿನ್ನತೆಯನ್ನು ವಿದ್ವಾಂಸರಿಗೆ ಬಿಡೋಣ. ಆದರೆ ಶುದ್ಧಿಯ ನಿಯಮ ಬೇರೆ, ತಿರಸ್ಕಾರ ಬೇರೆ. ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗೆ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದವನ ಪಾಪ ಕ್ಷಮಿಸಲಾಯಿತೆಂದು ಹೇಳಿದ್ದೂ ಅದೇ ಪ್ರವಾದಿ(ಸ)ರು. ಬೆಕ್ಕನ್ನು ಕೂಡಿಹಾಕಿ ಉಪವಾಸ ಕೊಂದ ಹೆಂಗಸಿಗೆ ನರಕವೆಂದು ಹೇಳಿದ್ದೂ ಅವರೇ.

ಕುರ್‌ಆನಿನ 'ಅಲ್ ಕಹ್ಫ್' ಅಧ್ಯಾಯದಲ್ಲಿ ಗುಹೆಯ ಯುವಕರು ಎಷ್ಟು ಮಂದಿ ಎಂಬುದೇ ಒಂದು ಒಗಟು. ಮೂವರು, ನಾಲ್ಕನೆಯದು ನಾಯಿ. ಐವರು, ಆರನೆಯದು ನಾಯಿ. ಏಳು ಮಂದಿ, ಎಂಟನೆಯದು ನಾಯಿ ಎಂದು ಜನ ಹೇಳುವ ಎಣಿಕೆಗಳನ್ನು ಹೇಳಿ, ನಿಜವಾದ ಸಂಖ್ಯೆ ಅಲ್ಲಾಹನಿಗೆ ಗೊತ್ತೆಂದು ಬಿಡಲಾಗಿದೆ. ಎಣಿಕೆ ಯಾವುದೇ ಇರಲಿ, ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿ ಮಾತ್ರ ಲೆಕ್ಕದಿಂದ ಬಿಟ್ಟುಹೋಗಿಲ್ಲ. ನಾವಾದರೋ ನಮ್ಮ ಅಂಗಳದ ಜೀವವನ್ನು ಎಷ್ಟು ಸಲೀಸಾಗಿ ಲೆಕ್ಕದಿಂದ ಬಿಡುತ್ತೇವೆ!

ಕನ್ನಡ ನೆಲಕ್ಕೂ ಈ ಲೆಕ್ಕ ಗೊತ್ತಿತ್ತು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಶಾಸನ ಸುಮಾರು 950ನೇ ಇಸವಿಯದು. ತಕ್ಕೋಲಂ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ, ಬೇಕಾದ್ದನ್ನು ಕೇಳು ಎಂದ ಗಂಗ ದೊರೆ ಬೂತುಗ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಂದರ ಜೊತೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿಗೆ ಪೂಜೆ ಸಲ್ಲಿಸುವುದು ನಮ್ಮ ದಾರಿಯಲ್ಲ. ಆದರೂ ನಾಯಿಯ ಉಪಕಾರವನ್ನು ಮರೆಯದ ಆ ಮನಸ್ಸನ್ನು ಗೌರವಿಸಲು ಅದು ಅಡ್ಡಿಯಾಗಬೇಕಿಲ್ಲ.

ಪದಬಂಧ ಮತ್ತು ನಾಯಿ, ಎರಡೂ ದಿನನಿತ್ಯದ ಸಂತೋಷಗಳೇ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಪದಬಂಧವನ್ನು ಅರ್ಧಕ್ಕೆ ಬಿಟ್ಟರೆ ಯಾರಿಗೂ ನೋವಿಲ್ಲ, ಉತ್ತರ ನಾಳೆ ಬರುತ್ತದೆ. ನಾಯಿಯನ್ನು ಅರ್ಧಕ್ಕೆ ಬಿಟ್ಟರೆ ಅದು ಬಾಗಿಲ ಬಳಿ ಕಾಯುತ್ತದೆ. ಒಂದು ಆಟ, ಇನ್ನೊಂದು ಅಮಾನತ್. ನಮ್ಮ ಕಾಲದ ತಪ್ಪು ಇರುವುದು ಈ ಎರಡನೆಯದನ್ನು ಮೊದಲನೆಯದರಂತೆ ಕಾಣುವುದರಲ್ಲಿ. ಮಗುವಿನ ಹಟಕ್ಕೆ ಮರಿ ತರುತ್ತಾರೆ. ಬೆಳೆದು ಬೊಗಳತೊಡಗಿದ ಮೇಲೆ ಊರಾಚೆ ಬಿಟ್ಟು ಬರುತ್ತಾರೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸುವಂತೆ ಆದೇಶಿಸಿತು. ಕಚ್ಚಿಸಿಕೊಂಡ ಮಕ್ಕಳ ಸಂಕಟ ನಿಜ, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಆ ನಾಯಿಗಳಲ್ಲಿ ನಾವೇ ಬೀದಿಗೆ ಬಿಟ್ಟವು, ನಾವು ಬಿಟ್ಟವುಗಳ ಸಂತಾನ ಎಷ್ಟಿವೆಯೋ! ನ್ಯಾಯಾಲಯ ನಾಯಿಗಳನ್ನು ಸಾಗಿಸಬಹುದು, ನಮ್ಮ ಹೊಣೆಯನ್ನು ಸಾಗಿಸಲಾಗದು.

ಹೊಲದ ಕಾವಲಿಗೋ ಮನೆಯ ಭದ್ರತೆಗೋ ನಾಯಿ ಸಾಕುವವರು ಅದಕ್ಕೆ ಹೊತ್ತಿಗೆ ಅನ್ನ, ನೀರು, ಕಾಲಕಾಲಕ್ಕೆ ರೇಬಿಸ್ ಲಸಿಕೆ ಕೊಡಬೇಕು. ನಮಾಝಿಗೆ ಹೊರಟ ನೆರೆಯವನ ಬಟ್ಟೆಗೆ ಅದು ಮೂತಿ ತಾಗಿಸದಂತೆ ನೋಡಿಕೊಳ್ಳಬೇಕು. ಅವನ ನಂಬಿಕೆಯೂ ಗೌರವಕ್ಕೆ ಅರ್ಹವಾದುದೇ. ಇಷ್ಟಾಗದವರು ಪದಬಂಧದಲ್ಲೇ ತೃಪ್ತರಾಗುವುದು ಒಳ್ಳೆಯದು.

ಬಿಡುವಿನ ಸಂತೋಷವನ್ನು ಅಲ್ಲಾಹನು ನಿಷೇಧಿಸಿಲ್ಲ, ಅದರ ಬೆಲೆಯನ್ನು ಇನ್ನೊಂದು ಜೀವ ತೆರಬಾರದಷ್ಟೇ. ಕೊನೆಯ ಚೌಕ ತುಂಬಿ ಪತ್ರಿಕೆ ಮಡಚಿಟ್ಟ ಮೇಲೆ, ಬೆಂಚಿನ ಕೆಳಗೆ ಮಲಗಿದ ಜೀವಕ್ಕೆ ಇವತ್ತು ನೀರಿಟ್ಟಿದ್ದೇವೆಯೇ ಎಂದು ಒಮ್ಮೆ ಬಗ್ಗಿ ನೋಡೋಣ.